ಬಾಲ ತೋರಿಸಿದರೆ ಸಾಕು

ಹ್ವಾಯ್, ಎಲ್ಲ ಬಂದಿರಾ? ಎಣಿಸಿದರೆ ಒಂಬತ್ತು.
ಈ ಹರಿದ ಕೊಡೆ ಎತ್ತಿ ಹಿಡಿದದ್ದು ಮಳೆಗಲ್ಲ,
ಮೀನುಪೇಟೆಯ ತಿರುವಿನಲ್ಲಿ
ನೀವು ತಪ್ಪಿಹೋಗಬಾರದು ಅಂತ.
ಹೆಸರು ಕುಪ್ಪಯ್ಯ ಮೊಗೇರ. ಚರಿತ್ರೆ ಓದಿದವನಲ್ಲ,
ಮೂವತ್ತೊಂದು ವರ್ಷ ಈ ಭಟ್ಕಳದ
ಕರೆಂಟು ಮೀಟರ್ ಓದಿದವನು.

ಎಡಕ್ಕೆ ಬಸದಿ. ಮಾಡಿನ ಕಲ್ಲು ನೋಡಿ,
ಸೋಗೆ ಹೊದಿಸಿದ ಹಾಗೆ ಇಳಿಜಾರು.
ಕಲ್ಲಿಗೆ ಸೋಗೆಯಾಗುವ ಆಸೆ ಯಾಕೆ ಬಂತೋ.
ಒಳಗೆ ಒಂದೇ ಬಲ್ಬು, ತಿಂಗಳಿಗೆ ನಾಲ್ಕು ಯೂನಿಟ್.
ತೀರ್ಥಂಕರರು ಹೆಚ್ಚು ಕೇಳುವುದಿಲ್ಲ.

ಮುಂದೆ ಮೆಟ್ಟಿಲು, ಜೋಪಾನ,
ಮೂರನೆಯದು ಅಲುಗುತ್ತದೆ, ನಾನು ಹುಟ್ಟುವ ಮೊದಲಿಂದ.
ಕುದುರೆ ಇಳಿದದ್ದು ಈ ಕಡೆಗೇ.
ಅರಬರ ಹಡಗಿನಲ್ಲಿ ನಿಂತೇ ಬಂದವು
ಅಲುಗದ ನೆಲ ಮುಟ್ಟಿದ ಕೂಡಲೇ
ಕಾಲು ನಡುಗಿ ಕುಸಿಯುತ್ತಿದ್ದವಂತೆ.
ದಾರಿಯಲ್ಲಿ ಸತ್ತದ್ದಕ್ಕೂ
ಘಟ್ಟದ ಮೇಲಿನ ಅರಸರು ದುಡ್ಡು ಕೊಡುತ್ತಿದ್ದರಂತೆ,
ಬಾಲ ತಂದು ತೋರಿಸಿದರೆ ಸಾಕು.
ನಗಬೇಡಿ. ಬೆಳಗ್ಗಿನಿಂದ ನಾನು ನಿಮಗೆ
ತೋರಿಸುತ್ತಿರುವುದು ಮತ್ತೇನು?

ಟೊಪ್ಪಿಯ ಯಜಮಾನರು ಕೇಳುತ್ತಿದ್ದಾರೆ, ಕೋಟೆ ಎಲ್ಲಿ?
ಕೋಟೆ ಪಾಲಾಗಿದೆ ಸ್ವಾಮಿ.
ಆ ಬಾವಿಕಟ್ಟೆಗೆ ಸ್ವಲ್ಪ, ಗ್ಯಾರೇಜಿನ ಹಿಂಗೋಡೆಗೆ ಸ್ವಲ್ಪ.
ನಮ್ಮ ಮನೆಯ ಬಟ್ಟೆ ಒಗೆಯುವ ಕಲ್ಲೂ ಅದರದ್ದೇ ಇರಬೇಕು,
ಅಷ್ಟು ನುಣುಪು.
ಹೆಂಡತಿ ಅದರ ಮೇಲೆ ಲುಂಗಿ ಬಡಿಯುವಾಗ
ನಾನು ಬಾಯಿ ಬಿಡುವುದಿಲ್ಲ.

ಇಂಗ್ಲಿಷಿನವರ ಗೋರಿ ಬೇಲಿಯ ಸಂದಿಯಿಂದಲೇ ನೋಡಿ,
ಕೀಲಿ ಇದ್ದವನು ಮದುವೆಗೆ ಹೋಗಿದ್ದಾನೆ.
ಮೆಣಸಿಗೆ ಬಂದವರು, ಜ್ವರಕ್ಕೆ ಹೋದವರು
ಅನ್ನುತ್ತಿದ್ದ ನಮ್ಮಜ್ಜ. ಅವನಿಗೂ ಯಾರೋ ಹೇಳಿದ್ದು.

ಈಗ ಈ ಓಣಿ. ಚೀಟಿಯಲ್ಲಿ ಇಲ್ಲ,
ಅಡ್ಡದಾರಿ ಅಂತ ತಿಳಿಯಿರಿ. ದನಿ ಸ್ವಲ್ಪ ತಗ್ಗಿಸಿ.
ಈ ಮನೆಗೆ ಎರಡು ಬಾಗಿಲು,
ಗಂಡಸರಿಗೊಂದು, ಹೆಂಗಸರಿಗೊಂದು,
ಮೀಟರ್ ಮಾತ್ರ ನಡುವಿನ ಪಡಸಾಲೆಯಲ್ಲಿ.
ಪ್ರತಿ ತಿಂಗಳ ಏಳಕ್ಕೆ ಕೆಮ್ಮಿ ಒಳಗೆ ಹೋಗುವುದು.
ಪರದೆಯ ಮಗ್ಗುಲಿಂದ ಒಂದು ಕೈ,
ಕೈಯಲ್ಲಿ ಮುರುಗಲ ಶರಬತ್ತು.
ಮೊದಮೊದಲು ಹಸಿರು ಗಾಜಿನ ಬಳೆ,
ನಡುವೆ ಕೆಲವು ವರ್ಷ ಚಿನ್ನ,
ಆಮೇಲೆ ಬರಿಗೈ, ನರ ಎದ್ದ ಕೈ.
ಮುಖ ನಾನು ನೋಡಲಿಲ್ಲ.
ನೋಡಬೇಕು ಅನಿಸಿದ್ದನ್ನು
ತಿಂಗಳು ತಿಂಗಳೂ
ಸೊನ್ನೆ ಯೂನಿಟ್ ಅಂತಲೇ ಬರೆದುಕೊಂಡೆ.

ಕೊನೆಯ ಸಲ ಹೇಳಿದೆ, ಇನ್ನು ಬೇರೆ ಹುಡುಗ ಬರುತ್ತಾನೆ.
ಸ್ವಲ್ಪ ಹೊತ್ತು ಬರೀ ಫ್ಯಾನಿನ ಸದ್ದು.
ಆಮೇಲೆ ದನಿ:
ಕನ್ನಡಕ ಮರೆತು ಬಂದಿದ್ದೀರಿ, ನಿಲ್ಲಿ, ನಾನೇ ಓದುತ್ತೇನೆ.
ಎಂಟು. ಎರಡು. ಸೊನ್ನೆ. ಆರು. ಒಂದು.
ನವಾಯತಿಯಲ್ಲಲ್ಲ, ಕನ್ನಡದಲ್ಲಿ, ಒಂದೊಂದೇ ಅಂಕಿ,
ಬಿಸಿ ಪಾತ್ರೆ ದಾಟಿಸುವ ಹಾಗೆ.
ಬರೆದುಕೊಂಡು ಬಂದೆ.
ಕನ್ನಡಕ ಇಲ್ಲದ್ದು ಆಚೆಗೆ ಹೇಗೆ ಕಂಡಿತು
ಅಂತ ಹೊಳೆದಾಗ
ಪೇಟೆ ದಾಟಿ ಬಸ್‌ಸ್ಟ್ಯಾಂಡಿನಲ್ಲಿದ್ದೆ.

ಇಲ್ಲಿ ನೋಡುವಂಥದ್ದೇನೂ ಇಲ್ಲ. ಫೋಟೋ ಬೇಡ. ನಡೆಯಿರಿ.

ಇದು ಹೊಳೆ. ಹಡಗು ಏರಿ ಬರುತ್ತಿದ್ದ ನೀರು
ಈಗ ಆ ಚಿಪ್ಪಿಕಲ್ಲು ಹೆಕ್ಕುವ ಹುಡುಗನ ಮೊಣಕಾಲಿಗೆ.
ಕೆಳಗೆಲ್ಲ ಹೂಳು. ಇಳಿತದ ಹೊತ್ತು ಬಂದಿದ್ದರೆ
ಇಷ್ಟೂ ಇರುತ್ತಿರಲಿಲ್ಲ.
ಅಲ್ಲಿಗೆ ಮುಗಿಯಿತು. ದುಡ್ಡು ಆಮೇಲೆ ಕೊಡಿ, ಮೊದಲು ಎಣಿಸುತ್ತೇನೆ.
ಎಂಟು.
ಒಬ್ಬರು ಓಣಿಯಲ್ಲೇ ಉಳಿದಿರಬೇಕು.
ನೀವು ಇಲ್ಲೇ ನೆರಳಿಗಿರಿ, ಎದುರಿನ ಅಂಗಡಿಯಲ್ಲಿ ಹಲ್ವಾ ಚಂದ.
ಕೊಡೆ ಹಿಡಿದುಕೊಳ್ಳಿ ಅಮ್ಮ, ನಾನು ಹೋಗಿ ಕರೆತರುತ್ತೇನೆ,
ತುಸು ತಡವಾದೀತು.
ಜೇಬು ಮುಟ್ಟಿ ನೋಡಿದ್ದಾ? ಏನಿಲ್ಲ,
ಕನ್ನಡಕ ಇದೆ ಇವತ್ತು.